ಬೀಸದ ಚಕ್ಕಿ

ನನ್ನ ಗೈಡ್ ಆಗಿದ್ದ ಪ್ರೊಫೆಸರರ ಹೆಸರು ಕೇಳಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಅವರು ದಡ್ಡರಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕೃಷ್ಣೆಗೆ ಸೇರುವ ಒಂದು ಹಳ್ಳದ ದಂಡೆಯಲ್ಲಿ, ಬೇಟೆಯಾಡಿ ಗೆಡ್ಡೆಗೆಣಸು ಅಗೆದು ತಿಂದು ಬದುಕಿದ ಆದಿಮಾನವರ ಜಾಗವನ್ನು ಪತ್ತೆ ಮಾಡಿದವರು ಅವರೇ. ಕಾಲಲ್ಲಿ ಬೊಬ್ಬೆ ಎದ್ದರೂ ಬಿಡದೆ ಒಂದೊಂದು ಕಲ್ಲಿಗೂ ನಂಬರ್ ಬರೆದವರು. ಅವರ ಮೊದಲ ಲೇಖನಗಳನ್ನು ಓದಿ ಮರುಳಾಗಿಯೇ ನಾನು ಎಪ್ಪತ್ತರ ದಶಕದ ಆರಂಭದಲ್ಲಿ ಪಿಎಚ್.ಡಿ.ಗೆ ಸೇರಿದ್ದು. ಮಾಟುಂಗದ ನಮ್ಮ ಮನೆಯಲ್ಲಿ ಅಪ್ಪನಿಗೆ ನಾನು ಬ್ಯಾಂಕ್ ಪರೀಕ್ಷೆ ಕಟ್ಟಲಿ ಎಂದಿತ್ತು. "ಕಲ್ಲು ಆರಿಸ್ಬೇಕು ಅಂದ್ರೆ ಅಡುಗೆಮನೇಲಿ ಅಕ್ಕಿ ಇದೆಯಲ್ಲಮ್ಮ" ಎಂದು ನಕ್ಕು ಸುಮ್ಮನಾದರು.

ಪ್ರೊಫೆಸರರಿಗೆ ಹೆಸರು ತಂದಿದ್ದು ಮಾತ್ರ ಆ ಮೊದಲ ಲೇಖನಗಳಲ್ಲ. ಬೇಸಾಯವೇ ಗೊತ್ತಿಲ್ಲದ ಆ ಜನ ಕಾಡುಧಾನ್ಯ ತಂದು ಕಲ್ಲಿನಲ್ಲಿ ಬೀಸುತ್ತಿದ್ದರು ಎಂದು ವಾದಿಸಿದ ಲೇಖನ. ವಿದೇಶದ ಪತ್ರಿಕೆಯಲ್ಲಿ ಬಂತು. ಆಮೇಲೆ ಯಾರು ಏನು ಬರೆದರೂ ಅದರ ಉಲ್ಲೇಖ ಇದ್ದೇ ಇರುತ್ತಿತ್ತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು, ಇನ್ನೊಬ್ಬರು ಹೇಳಿದ್ದನ್ನು ಮತ್ತೊಬ್ಬರು. ಕಲ್ಲನ್ನು ನೋಡಲು ಒಬ್ಬರೂ ಬರಲಿಲ್ಲ.

ನಾನು ನೋಡಿದೆ. ನನ್ನ ಪ್ರಬಂಧಕ್ಕಾಗಿ ಟ್ರೇ ಟ್ರೇ ಕಲ್ಲು ತೆಗೆದು ಅಳೆದೆ. ಉಜ್ಜಿ ಸವೆದ ಕಲ್ಲು ಅಂತ ಇದ್ದದ್ದು ಒಂದೇ, ಅದೂ ಹಳ್ಳದ ನೀರಿಗೆ ನುಣುಪಾದ ಚಪ್ಪಡಿ. ಮತ್ತೆ ಈ ಬೀಸುವ ವಿಚಾರ ಎಲ್ಲಿಂದ ಬಂತು ಎಂದು ಅವರ ಹಳೆಯ ನೋಟ್‌ಬುಕ್ ತೆರೆದೆ. ಅಲ್ಲಿತ್ತು: ಊರಿನ ಮುದುಕನೊಬ್ಬ ಈ ದಂಡೆಯಲ್ಲಿ ಎಲ್ಲಿ ನೋಡಿದರೂ ಚಕ್ಕಿ ಇವೆ ಎಂದ. ಪಕ್ಕದಲ್ಲೇ ಅವರ ಟಿಪ್ಪಣಿ: ಬೀಸುವ ಕಲ್ಲು.

ಪ್ರೊಫೆಸರರ ಮನೆಮಾತು ಕನ್ನಡವೇ. ಆದರೆ ಬೈಕುಲ್ಲಾದಲ್ಲಿ ಹುಟ್ಟಿ ಬೆಳೆದವರು, ಬಾಯಿಗೆ ಮೊದಲು ಬರುತ್ತಿದ್ದದ್ದು ಹಿಂದಿ, ಮರಾಠಿ. ಅವರಿಗೆ ಚಕ್ಕಿ ಎಂದರೆ ಗೋಧಿ ಡಬ್ಬ ಹೊತ್ತುಕೊಂಡು ಹೋಗುವ ಗಲ್ಲಿಯ ಹಿಟ್ಟಿನ ಗಿರಣಿ. ನನಗೆ ಅನುಮಾನ ಬಂತು. ವಡಾಲದಲ್ಲಿ ಹೊಸ ಬಿಲ್ಡಿಂಗ್ ಏಳುತ್ತಿದ್ದ ಕಡೆ ವಿಜಾಪುರದ ಕಡೆಯ ಹೆಂಗಸೊಬ್ಬಳು ಜಲ್ಲಿ ಒಡೆಯುತ್ತಿದ್ದಳು. ಹೋಗಿ ಪಕ್ಕದಲ್ಲಿ ಕೂತು ಚಕ್ಕಿ ಎಂದರೇನು ಎಂದು ಕೇಳಿದೆ.

"ಚಕ್ಕಿ ಅಂದ್ರ ಚಕ್ಕೀರಿ" ಎಂದಳು. ಕಲ್ಲಿಗೆ ಒಂದು ಏಟು ಹಾಕಿ, ಸಿಡಿದು ಬಿದ್ದ ಚೂರನ್ನು ನನ್ನ ಅಂಗೈಯಲ್ಲಿಟ್ಟಳು. "ಇದ ನೋಡ್ರಿ."

"ಹಿಟ್ಟು ಬೀಸೋದಕ್ಕೆ?"

"ಅದು ಬೀಸುಕಲ್ಲು. ಇಷ್ಟು ಸಣ್ಣದರಾಗ ಏನ್ ಬೀಸ್ತೀರಿ ಅಕ್ಕಾರ?"

ನಮ್ಮ ಮೈಸೂರು ಕಡೆಯ ಮನೆ ಅಲ್ಲಿ ಮನಿ, ತಲೆ ಅಲ್ಲಿ ತಲಿ. ಹಾಗೆಯೇ ಚಕ್ಕೆ ಚಕ್ಕಿ. ಮುದುಕ ಸರಿಯಾಗಿಯೇ ಹೇಳಿದ್ದ: ಯಾರೋ ಇಲ್ಲಿ ಕಲ್ಲು ಕೆತ್ತಿದ್ದಾರೆ, ಚಕ್ಕೆಗಳು ಬಿದ್ದಿವೆ. ಇಷ್ಟು ದೊಡ್ಡ ವಾದ ಒಂದು ಅಕ್ಷರದ ಮೇಲೆ ನಿಂತಿತ್ತು.

ಖುಷಿಯಿಂದಲೇ ಅವರ ಕೋಣೆಗೆ ಹೋದೆ, ಪೆದ್ದಿ. ವಿದ್ವಾಂಸರಲ್ಲವೇ, ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದೆ. ನಾನು ಬರೆದಿದ್ದ ನಾಲ್ಕು ಪುಟ ಓದಿ ಕನ್ನಡಕ ತೆಗೆದರು.

"ನೀನು ಮೈಸೂರ್‌ವಾಲಿ. ಅಲ್ಲಿಯ ಬೋಲಿ, ಆಡುಮಾತು ನಿನಗೇನು ಗೊತ್ತು?"

"ಅದಕ್ಕೇ ಆ ಕಡೆಯವಳನ್ನೇ ಕೇಳಿದೆ ಸರ್."

"ವಡಾಲದ ಮಜೂರ್ ಬಾಯಿ. ಅವಳ ಮಾತು ಥೀಸಿಸ್‌ನಲ್ಲಿ ಹಾಕ್ತೀಯಾ?"

"ನೀವು ಹಾಕಿದ್ದೂ ಒಬ್ಬ ಮುದುಕನ ಮಾತೇ ಅಲ್ವಾ ಸರ್?"

ಅವರು ದನಿ ಏರಿಸಲಿಲ್ಲ. ಕೆಂಪು ಪೆನ್ಸಿಲ್ ತೆಗೆದುಕೊಂಡು ನಾಲ್ಕೂ ಪುಟಗಳ ಮೇಲೆ ಅಡ್ಡಗೆರೆ ಎಳೆದರು. "ಇದು ಇದ್ದರೆ ನನ್ನ ಸಹಿ ಇಲ್ಲ. ಸೋಚ್ ಲೇ, ಯೋಚನೆ ಮಾಡು" ಎಂದರು. ಗೈಡ್ ಸಹಿ ಇಲ್ಲದೆ ಪ್ರಬಂಧ ಯೂನಿವರ್ಸಿಟಿಯ ಬಾಗಿಲೂ ದಾಟುವುದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ಇವರು ನಾಲ್ಕನೆಯ ಕಾಲನ್ನು ಎಣಿಸಿದವಳ ಕುತ್ತಿಗೆಗೇ ಕೈ ಹಾಕಿದರು.

ವಾರಗಟ್ಟಲೆ ಒದ್ದಾಡಿದೆ. ಲೋಕಲ್ ಟ್ರೇನಿನಲ್ಲಿ ನಿಂತು ಮನಸ್ಸಿನಲ್ಲೇ ಅವರಿಗೆ ಹೇಳಬೇಕಾದ ಮಾತುಗಳನ್ನೆಲ್ಲ ಹೇಳಿದೆ, ಕೋಣೆಯಲ್ಲಿ ಒಂದನ್ನೂ ಹೇಳಲಿಲ್ಲ. ನಾಲ್ಕು ವರ್ಷದ ದುಡಿಮೆ ಕಣ್ಣ ಮುಂದಿತ್ತು. ಕೊನೆಗೆ ಆ ಪುಟಗಳನ್ನು ತೆಗೆದೆ. ತೆಗೆದರೆ ಸಾಲದಾಯಿತು. "ಏನಾದರೂ ಬರೀಲೇಬೇಕು, ಜಾಗ ಖಾಲಿ ಕಾಣುತ್ತೆ" ಎಂದರು. ಇಲ್ಲಿ ಧಾನ್ಯ ಬೀಸುತ್ತಿದ್ದರೆಂಬುದಕ್ಕೆ ಸ್ಥಳೀಯ ಕನ್ನಡ ಪದವೂ ಸಾಕ್ಷಿ ಎಂದು ನನ್ನ ಕೈಯಾರೆ ಟೈಪ್ ಮಾಡಿದೆ. ಅವರು ಸಹಿ ಹಾಕಿದರು. ಪ್ರಬಂಧ ಅಚ್ಚೂ ಆಯಿತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ಲೈಬ್ರರಿಯಲ್ಲಿ ವಿದೇಶದವರೊಬ್ಬರ ಲೇಖನ ಸಿಕ್ಕಿತು. ಅವರಿಗೂ ಈ ಚಕ್ಕಿಯ ಮೇಲೆ ಸಂಶಯ ಬಂದಿತ್ತು. ನಿಂತಲ್ಲೇ ಓದುತ್ತಿದ್ದವಳು ಕುರ್ಚಿ ಎಳೆದು ಕೂತೆ, ಸದ್ಯ ಯಾರಾದರೂ ಕೇಳಿದರಲ್ಲ ಎಂದು. ಮುಂದಿನ ಪುಟದಲ್ಲಿ ಅವರೇ ಸಂಶಯ ಬಿಟ್ಟುಕೊಟ್ಟಿದ್ದರು. ಕನ್ನಡವೇ ತಾಯ್ನುಡಿಯಾದ ಸಂಶೋಧಕಿಯೊಬ್ಬರು ಪದದ ಅರ್ಥವನ್ನು ಖಚಿತಪಡಿಸಿರುವುದರಿಂದ ಇನ್ನು ವಾದಕ್ಕೆ ಎಡೆಯಿಲ್ಲ ಎಂದು ಬರೆದಿದ್ದರು. ಕೆಳಗೆ ಅಡಿಟಿಪ್ಪಣಿಯಲ್ಲಿ ಪ್ರೊಫೆಸರರ ಹೆಸರಿರಲಿಲ್ಲ. ನನ್ನದಿತ್ತು.