ಸಾಬರ ಚರಕದ ಹಿಡಿ

ಇವತ್ತು ಚಿಂತಾಮಣಿ ಮಾರ್ಕೆಟ್ಟಲ್ಲಿ ಮಾವಿನಹಣ್ಣಿನ ಬುಟ್ಟಿಗೆ ಬಗ್ಗಿದೆ. ಕಾರ್ಬೈಡಿನ ವಾಸನೆ, ಕೊಳೆತ ಬೆಳ್ಳುಳ್ಳಿ ಥರದ್ದು, ಮೂಗಿಗೆ ಬಡಿಯಿತು. ಅಷ್ಟೇ, ನಾನು ಮತ್ತೆ ಹುಡುಗಿಯಾಗಿ ಶಿಡ್ಲಘಟ್ಟದ ನಮ್ಮ ಹಿತ್ತಲಲ್ಲಿ ಲಂಗ ಎತ್ತಿ ಕಟ್ಟಿಕೊಂಡು ಕೂತಿದ್ದೆ.

ಚಿಕ್ಕಪ್ಪ ಆಗಷ್ಟೇ ಆ ಹಿತ್ತಲಲ್ಲಿ ಗ್ಯಾಸ್ ವೆಲ್ಡಿಂಗ್ ಶುರು ಮಾಡಿದ್ದರು. ಗ್ಯಾಸ್ ಬರಲಿ ಅಂತ ಡ್ರಮ್ಮಿನ ಕಾರ್ಬೈಡಿಗೆ ನೀರು ಬಿಡೋದು ನನ್ನ ಕೆಲಸ. ಒಂದಿನ ಅವರ ಕಪ್ಪು ಕನ್ನಡಕ ನನಗೆ ಹಾಕಿ, ಉರಿಯುವ ನಳಿಗೆಯನ್ನೇ ಕೈಗೆ ಕೊಟ್ಟರು.

"ಎರಡು ತುದಿನೂ ಬೆಲ್ಲದ ಪಾಕದ ಹಾಗೆ ಕರಗಬೇಕು ಕಣಮ್ಮ. ಆಮೇಲೆ ಬೆಸುಗೆ ಕಡ್ಡಿ ಮುಟ್ಟಿಸು."

ಮನೆಯಲ್ಲಿದ್ದ ಹಳೇ ತಗಡನ್ನೆಲ್ಲ ತೂತು ಮಾಡಿ ಮಾಡಿ ಕಲಿತೆ.

ಆಮೇಲೊಂದು ದಿನ, ರೇಷ್ಮೆ ನೂಲು ತೆಗೆಯುವ ಸಾಬರು ತಮ್ಮ ಚರಕದ ಮುರಿದ ಕಬ್ಬಿಣದ ಹಿಡಿ ಕೊಟ್ಟು ಹೋದರು. ಅದನ್ನು ಬೆಸೆದವಳು ನಾನು.

"ಸಾಬರು ಬರ್ಲಿ, ನಮ್ಮ ಹುಡುಗಿ ಮಾಡಿದ್ದು ಅಂತ ನಾನೇ ಹೇಳ್ತೀನಿ," ಅಂದರು ಚಿಕ್ಕಪ್ಪ.

ಸಾಬರು ಬಂದರು. ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದರು. "ವ್ಹಾ! ಯಾರ ಕೈಕೆಲಸ ಇದು?"

ನಾನು ಕನ್ನಡಕ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದೆ. ಚಿಕ್ಕಪ್ಪ ನನ್ನ ಮುಖ ನೋಡಿಕೊಂಡೇ ನಕ್ಕರು.

"ಇನ್ಯಾರದು ಸಾಬ್ರೇ, ನಂದೇ. ಹೋಗಮ್ಮ, ಸಾಬ್ರಿಗೆ ಟೀ ತಗೊಂಡ್ ಬಾ."

ಟೀ ತಂದುಕೊಟ್ಟೆ. ಆ ಕನ್ನಡಕವನ್ನು ಮತ್ತೆ ಮುಟ್ಟಲಿಲ್ಲ. ಚಿಕ್ಕಪ್ಪ ಎಷ್ಟು ಕರೆದರೂ ಹಿತ್ತಲಿಗೆ ಹೋಗಲಿಲ್ಲ.

ಇವತ್ತು ಹಣ್ಣಿನವನು ಒಂದು ಹಣ್ಣು ಎತ್ತಿ ತೋರಿಸಿದ. "ಕಾರ್ಬೈಡ್ ಹಾಕೇ ಇಲ್ಲ ಕಣಮ್ಮ, ಮರದಲ್ಲೇ ಹಣ್ಣಾಗಿದ್ದು."

ಅವನೂ ನನ್ನ ಮುಖ ನೋಡಿಕೊಂಡೇ ನಗುತ್ತಿದ್ದ.