ಭಟ್ಟಿಯ ಗೋಡೆಗೆ ಆಮೆಯ ಮನೆ

೧೯೫೨ರಲ್ಲಿ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡುವ ಮೊದಲೇ, ನಾನು ಶಾಲೆ ಬಿಟ್ಟೆ. ಬಿಡಿಸಿದವರು ಯಾರೂ ಇಲ್ಲ. ಅಪ್ಪ ತೀರಿಕೊಂಡಿದ್ದ, ಮನೆಗೆ ದುಡಿಯುವ ಕೈ ಬೇಕಿತ್ತು, ನನಗೆ ಕೈ ಇತ್ತು. ಹುಬ್ಬಳ್ಳಿಯ ಒಂದು ಟ್ರಂಕಿನ ಅಂಗಡಿಯಲ್ಲಿ ತಗಡು ಬಡಿಯಲು ಕುಳಿತೆ. ನನ್ನ ಮದುವೆಯ ಹೊತ್ತಿಗೆ ನಾನು ಬಡಿದ ಟ್ರಂಕಿನ ಮೂಲೆಯಲ್ಲಿ ಇರುವೆ ನುಸುಳಲು ದಾರಿ ಇರುತ್ತಿರಲಿಲ್ಲ. ಜಂಬ ಅಂದರೂ ಅನ್ನಲಿ, ಖರೇ ಮಾತು.

ನಾವಿದ್ದದ್ದು ಒಂದು ಬೇಕರಿಯ ಹಿಂದಿನ ಎರಡು ಖೋಲಿಗಳಲ್ಲಿ. ಒಳಗಿನ ಖೋಲಿಯ ಒಂದು ಗೋಡೆ ಎಂದರೆ ಬೇಕರಿಯ ಭಟ್ಟಿಯ ಬೆನ್ನು. ಬ್ರೆಡ್ಡು, ಖಾರಿ ಬಿಸ್ಕೀಟು ಬೇಯುವ ಆ ಭಟ್ಟಿ ಆರುತ್ತಲೇ ಇರಲಿಲ್ಲವಾದ್ದರಿಂದ ಗೋಡೆ ಹನ್ನೆರಡು ತಿಂಗಳೂ ಕಾದಿರುತ್ತಿತ್ತು. ಬೇಸಿಗೆಯಲ್ಲಿ ಆ ಖೋಲಿಗೆ ಯಾರೂ ಹೋಗುತ್ತಿರಲಿಲ್ಲ. ಚಳಿ ಬಿತ್ತೆಂದರೆ ಅವ್ವ ಮಾತ್ರ ನೋಯುವ ಮೊಣಕಾಲು ಆನಿಸಿಕೊಂಡು ಅಲ್ಲೇ ಕೂಡುತ್ತಿದ್ದಳು.

ನನ್ನ ಹೆಂಡತಿ ಮುಗದ ಎಂಬ ಹಳ್ಳಿಯವಳು. ಅವಳಿನ್ನೂ ಹಾಲುಹಲ್ಲಿನ ಹುಡುಗಿಯಾಗಿದ್ದಾಗ ಅವಳ ಅಪ್ಪ ಹೊಲದ ಬದುವಿನಲ್ಲಿ ಸಿಕ್ಕ ಒಂದು ಆಮೆಯನ್ನು ತಂದು ಕೈಗೆ ಕೊಟ್ಟಿದ್ದನಂತೆ. ಬೆನ್ನ ಮೇಲೆ ಹಳದಿ ಗೆರೆಗಳ ನಕ್ಷತ್ರ. ಅವನು ತೀರಿಕೊಂಡ ವರ್ಷ ಅವಳು ಆ ಆಮೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಹುಬ್ಬಳ್ಳಿಗೆ ತಂದಳು. ತವರಿನಿಂದ ಬಾಯಿಬಿಟ್ಟು ಕೇಳಿ ತಂದದ್ದು ಅದೊಂದೇ.

ಅವ್ವನಿಗೆ ಅದು ಬಂದ ದಿನದಿಂದ ಸಮಾಧಾನವಿಲ್ಲ.

"ಆಮಿ ಮನ್ಯಾಗ ಇರಬಾರ್ದೋ, ಮನಿಗೆ ಛಲೋ ಅಲ್ಲ. ಬಾವ್ಯಾಗ ಬಿಟ್ರ ಪುಣ್ಯೇನೂ ಬರತೇತಿ, ನೀರೂ ಹಸನಿರತಾವ."

ನಮ್ಮ ಕಡೆ ಬಾವಿಗೆ ಆಮೆ ಬಿಡುವುದು ಹೊಸದಲ್ಲ. ಆದರೆ ಬಾವಿಗೆ ಬಿಡುವ ಆಮೆಯೇ ಬೇರೆ, ಅದು ಈಜುವ ಜಾತಿ. ಇದು ಒಣ ನೆಲದ್ದು. ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಹೆಸರು. ಆ ಒಂದು ಹೆಸರಿನಿಂದಲೇ ಎಲ್ಲ ಆದದ್ದು.

ಅರವತ್ತರ ದಶಕದ ನಡುವಿನ ಒಂದು ಡಿಸೆಂಬರ್. ಬುಧವಾರ ಹೆಂಡತಿ ಕಾಯಿಪಲ್ಲೆ ತರಲು ಹೋಗಿದ್ದಾಗ ಅವ್ವ, ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲದೆ, ಆಮೆಯ ಬೆನ್ನಿಗೆ ಅರಿಸಿನ ಕುಂಕುಮ ಹಚ್ಚಿ ಹಿತ್ತಲ ಬಾವಿಗೆ ಬಿಟ್ಟಳು.

ನಾನು ಮಧ್ಯಾಹ್ನ ಊಟಕ್ಕೆ ಬಂದರೆ ಹೆಂಡತಿ ಬಾವಿಯ ಕಟ್ಟೆ ಹಿಡಿದು ನಿಂತಿದ್ದಾಳೆ. ಕೆಳಗೆ ಆಮೆ ಕಲ್ಲಿಗೆ ಬಡಿಯುತ್ತ, ಕತ್ತು ಎತ್ತುತ್ತ, ಮತ್ತೆ ಮುಳುಗುತ್ತ ಇದೆ. ಬುಟ್ಟಿಗೆ ಹಗ್ಗ ಕಟ್ಟಿ ಎತ್ತಿದೆ. ತಲೆ ಕೆಳಗೆ ಮಾಡಿ ಹಿಡಿದರೆ ಮೂಗಿನಿಂದ ನೀರು ಸುರಿಯಿತು. ಆಮೇಲೆ ತಲೆ ಒಳಗೆ ಎಳೆದುಕೊಂಡದ್ದು ಹೊರಗೆ ಹಾಕಲೇ ಇಲ್ಲ.

ದನದ ದವಾಖಾನೆಗೆ ಒಯ್ದೆ. ಡಾಕ್ಟರರು ಹೊರಳಿಸಿ ನೋಡಿದರು.

"ಎದಿಯಾಗ ಥಂಡಿ ಇಳದದ. ಇದರ ಮೈಯಾಗ ತನ್ನದ ಅಂತ ಬಿಸಿ ಹುಟ್ಟೂದಿಲ್ಲಪಾ, ಹೊರಗಿಂದ ನಾವ ಕೊಡಬೇಕು. ಬೆಚ್ಚಗಿದ್ರ ತಿಂತದ, ತಿಂದ್ರ ಬದಕ್ತದ. ನನ್ನ ಕಡೆ ಬ್ಯಾರೆ ಔಷಧ ಇಲ್ಲ."

ಮನೆಗೆ ಬಂದು ಇದನ್ನು ಹೇಳಿದೆ. ಹೆಂಡತಿ ಕೇಳಿಸಿಕೊಂಡು, ಅಳದೆ, ದನಿ ಏರಿಸದೆ ಅಂದಳು: "ಸೋಮವಾರ ನಮ್ಮಣ್ಣ ಬರತಾನ್ರಿ. ಅಷ್ಟರಾಗ ಇದು ಎಲಿ ಮುಟ್ಟಲಿಲ್ಲಂದ್ರ ನಾ ಅವನ ಜೋಡಿ ಹೋಗತೇನಿ. ಕರಿಯಾಕ ಬರಬ್ಯಾಡ್ರಿ."

ಅತ್ತಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಅಂದಿನಿಂದ ಅವ್ವ ಮತ್ತು ಅವಳ ನಡುವೆ ಮಾತು ನಿಂತಿತು. ಮೂವರೂ ಒಂದೇ ಒಲೆಯ ಮುಂದೆ ಕೂತಿದ್ದರೂ ಎಲ್ಲ ನನ್ನ ಮೂಲಕ.

"ನಿಮ್ಮವ್ವಗ ಹೇಳ್ರಿ, ರೊಟ್ಟಿ ಆರಾಕತ್ತಾವ."

"ನನಗೂ ಕಿವಿ ಅದಾವಂತ ಆಕಿಗೆ ಹೇಳೋ."

ಬಾಯಲ್ಲಿ ತುತ್ತು ಇಟ್ಟುಕೊಂಡು ನಾನು ಯಾರಿಗೆ ಏನು ಹೇಳಲಿ?

ಬಿಸಿ ಹೊರಗಿಂದ ಕೊಡಬೇಕು ಎಂದರೆ ನಮ್ಮಲ್ಲಿದ್ದದ್ದು ಭಟ್ಟಿಯ ಗೋಡೆ. ಅಂಗಡಿಯಿಂದ ಡೊಂಕಾದ ದೊಡ್ಡದೊಂದು ಟ್ರಂಕು ಹೊತ್ತು ತಂದೆ. ಮುಚ್ಚಳ ಕಿತ್ತು, ಅಂಚನ್ನು ಕೊಯ್ಯದಂತೆ ಮಡಿಚಿ ಬಡಿದೆ. ಬೆನ್ನನ್ನು ಗೋಡೆಗೆ ಒತ್ತಿ ಇಟ್ಟೆ. ಒಳಗೆ ಕೆಂಪು ಮಣ್ಣು, ಅದರ ಮೇಲೆ ಒಣ ಹುಲ್ಲು, ಅಡಗಲು ಒಡೆದ ಮಡಕೆಯ ಅರ್ಧ, ನೀರಿಗೆ ಮಣ್ಣಿನ ಹಣತೆಯಂಥ ತಟ್ಟೆ. ಮೇಲೆ ಗೋಣಿಚೀಲದ ಪರದೆ. ಆಮೆಯನ್ನು ಗೋಡೆಯ ಬದಿಗೇ ಇಟ್ಟು ಕೈ ಝಾಡಿಸಿಕೊಂಡೆ. ಸ್ವಲ್ಪ ಹೊತ್ತಿಗೆ ನೋಡಿದರೆ ಅದು ಹೇಗೋ ತೆವಳಿ ದೂರದ ಮೂಲೆಗೆ ಮೂತಿ ಒತ್ತಿಕೊಂಡು ಬಿದ್ದಿದೆ.

ಹೆಂಡತಿ ಗೋಡೆ ಕಡೆಯ ತಗಡಿನ ಮೇಲೆ ಅಂಗೈ ಇಟ್ಟು ಥಟ್ಟನೆ ಹಿಂದೆಗೆದಳು. "ಕೈ ಇಟ್ಟ ನೋಡ್ರಿ."

"ತಗಡಿನ ಕೆಲಸಾ ನನಗ ಹೇಳಿಕೊಡ್ತೀಯೇನು?"

"ಇಟ್ಟ ನೋಡ್ರಿ ಅಂದೆ."

ಇಟ್ಟೆ. ಬಾಣಲೆ ಮುಟ್ಟಿದಂತಾಯಿತು. ಕತ್ತರಿ ತಂದು ಆ ಬದಿಯ ತಗಡನ್ನು ಪೂರಾ ಕತ್ತರಿಸಿ ತೆಗೆದೆ. ಈಗ ನಾಲ್ಕನೆಯ ಬದಿ ಗೋಡೆಯೇ. ಮಣ್ಣಿನ ಗೋಡೆ ಬಿಸಿಯನ್ನು ಸಾವಕಾಶ ಬಿಡುತ್ತಿತ್ತು. ಸಂಜೆಯ ಹೊತ್ತಿಗೆ ಆಮೆ ತಾನಾಗಿ ಮಡಕೆಯ ಓಡಿನ ಕೆಳಗೆ ಬಂದು ಕೂತಿತು. ಮರುದಿನ ಮೂಗು ಕಾಣಿಸಿತು, ಮೂಗಿನ ತುದಿಯಲ್ಲಿ ಗುಳ್ಳೆ. ಹೆಂಡತಿ ಮುಂದಿಟ್ಟ ಹತ್ತರಕಿ ಸೊಪ್ಪು ಹಾಗೆಯೇ ಬಾಡಿತು. ಅವಳು ಅದನ್ನು ತೆಗೆದು ಹೊಸದು ಇಟ್ಟಳು. ಅದೂ ಬಾಡಿತು.

ಶನಿವಾರ ಮುಂಜಾನೆ ಗೋಡೆ ಮುಟ್ಟಿದರೆ ಬರೀ ಉಗುರುಬೆಚ್ಚಗೆ. ಬೇಕರಿಗೆ ಓಡಿದೆ. ಬೇಕರಿಯ ಚಾಚಾ ಖಾಲಿ ಚೀಲಗಳನ್ನು ಮಡಿಚಿಡುತ್ತಿದ್ದರು.

"ಮೈದಾ ಎಲ್ಲೂ ಇಲ್ಲ ಬೇಟಾ. ಮಾಲ ಬರೂತನಾ ಭಟ್ಟಿ ಬಂದ್."

"ಎರಡ ದಿನಾ ಉರಸ್ರಿ ಚಾಚಾ. ಕಟ್ಟಿಗಿ ನಾ ತರತೇನಿ."

"ಬ್ರೆಡ್ಡಿಲ್ಲದ ಹೊಗಿ ಬಂದ್ರ ಗಿರಾಕಿ ನನ್ನ ಸುಮ್ಮನ ಬಿಡ್ತಾರೇನೋ? ಬ್ರೆಡ್ ಮುಚ್ಚಿಟ್ಟಾನ ಅಂತ ಬಾಗಲಾ ಮುರೀತಾರ!"

ಅದೂ ಸುಳ್ಳಲ್ಲ. ತುಟ್ಟಿಕಾಲ, ಜನರಿಗೆ ಸಿಟ್ಟು ಮೂಗಿನ ಮೇಲೆ. ವಾಪಸು ಬಂದು ಕಂದೀಲು ಹಚ್ಚಿ ಟ್ರಂಕಿನೊಳಗೆ ಇಡಲು ಹೋದೆ. ಹೆಂಡತಿ ಕೈ ಹಿಡಿದಳು. "ಮೊದಲ ಉಸುರು ಹಿಡದೇತಿ. ಹೊಗಿ ಕುಡಿಸಿ ಕೊಲ್ಲತೀರೇನು?"

ಅವ್ವ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಹಿತ್ತಲಿಗೆ ಹೋಗಿ, ಬಚ್ಚಲ ಒಲೆಯ ಬದಿಯ ಮೂರು ಇಟ್ಟಂಗಿ ಕಿತ್ತು, ಕೆಂಡದಲ್ಲಿ ಹೂತಳು. ಆಮೇಲೆ ತಾನು ಹೊದೆಯುವ ಕೌದಿಯನ್ನು ಚರ್ರನೆ ಎರಡು ಸೀಳಿದಳು. ಹಳೆಯ ಸೀರೆಗಳನ್ನು ಜೋಡಿಸಿ ಅವಳೇ ಹೊಲಿದ ಕೌದಿ. ಕಾದ ಇಟ್ಟಂಗಿಗಳನ್ನು ಅದರಲ್ಲಿ ಸುತ್ತಿ, ಆರಿದ ಗೋಡೆಯ ಬದಿಗೆ ಸಾಲಾಗಿ ಇಟ್ಟಳು. ಒಂದು ಆರುವಷ್ಟರಲ್ಲಿ ಇನ್ನೊಂದು. ಶನಿವಾರ, ರವಿವಾರ ಅದೇ ಅವಳ ಕೆಲಸ. ಮೊಣಕಾಲು ಮಡಿಚಲಾರದವಳು ಟ್ರಂಕಿನ ಮುಂದೆ ನೆಲಕ್ಕೆ ಕೂತೇ ಇದ್ದಳು. ಹೆಂಡತಿ ಸೊಪ್ಪು ಬದಲಿಸಲು ಬಂದಾಗ ಮಾತ್ರ ಸ್ವಲ್ಪ ಸರಿದು ಜಾಗ ಕೊಡುತ್ತಿದ್ದಳು. ಇಬ್ಬರ ಮೊಣಕೈ ಒಂದಕ್ಕೊಂದು ತಾಗಿದರೂ ಮಾತಿಲ್ಲ.

ಸೋಮವಾರ ಅವಳ ಅಣ್ಣ ಅವಲಕ್ಕಿ ಗಂಟು ಹಿಡಿದು ಬಂದ. ಅವಳ ಸೀರೆಗಳ ಗಂಟು ಆಗಲೇ ಹೊರಗಿನ ಖೋಲಿಯಲ್ಲಿತ್ತು. ಸೊಪ್ಪು ಮುಟ್ಟಿರಲಿಲ್ಲ. ಅವನಿಗೆ ಏನೂ ಗೊತ್ತಿಲ್ಲ, ಟ್ರಂಕು ನೋಡಿ ನಕ್ಕ.

"ಏನ್ರಿ ಮಾಮಾ, ಆಮಿಗೆ ಬಂಗಲೇನ ಕಟ್ಟಿಸೀರಲ್ಲ! ನಾನೂ ಇಲ್ಲೇ ಇರಲೇನು?"

ಹೆಂಡತಿ ಗಂಟು ಎತ್ತಿಕೊಂಡಳು. ಆಮೆಯನ್ನು ಒಯ್ಯಲು ಬುಟ್ಟಿ ಹಿಡಿದು ಒಳಗೆ ಬಂದಳು. ಅವ್ವ ಆಗ ತಾನೇ ಕೆಂಡದಿಂದ ತೆಗೆದ ಇಟ್ಟಂಗಿಯನ್ನು ಸುತ್ತಿ ಒಳಗಿಡುತ್ತಿದ್ದಳು. ತಲೆ ಎತ್ತಿ ನೋಡಲಿಲ್ಲ. ಹೆಂಡತಿ ನಿಂತಳು, ಬಾಗಿ ಆ ಸುತ್ತಿನ ಮೇಲೆ ಅಂಗೈ ಇಟ್ಟಳು.

"ಭಾಳ ಕಾದೇತಿ ಅತ್ತಿ. ಇನ್ನೊಂದ ಸುತ್ತ ಅರಿವಿ ಹಾಕ್ರಿ."

ಐದು ದಿನಗಳ ಮೇಲೆ ನನ್ನ ಮೂಲಕ ಬರದ ಮಾತು. ಅವ್ವ ಕೌದಿಯ ಉಳಿದ ತುಂಡಿಗೆ ಕೈ ಚಾಚಿದಳು. "ನನ್ನ ಕೈ ಜಡ್ಡಗಟ್ಟ್ಯಾವವಾ, ಬಿಸಿ ತಿಳಿಯೂದಿಲ್ಲ. ನೀನ ನೋಡಿ ಹೇಳು."

ಹೆಂಡತಿ ಬುಟ್ಟಿ ಕೆಳಗಿಟ್ಟು ಅವ್ವನ ಪಕ್ಕ ಕೂತಳು. ಒಬ್ಬಳು ಸುತ್ತಿದಳು, ಒಬ್ಬಳು ಮುಟ್ಟಿ ನೋಡಿದಳು. ಅಣ್ಣ ಊಟ ಮಾಡಿ ಒಬ್ಬನೇ ಮುಗದಕ್ಕೆ ಹೋದ. ಸೀರೆಯ ಗಂಟು ಬಿಚ್ಚಿದ್ದು ಯಾವಾಗಲೋ, ನಾನು ನೋಡಲಿಲ್ಲ.

ಆಮೆ ಎಲೆ ಹರಿದದ್ದು ಮರುದಿನ.

ಈಗ ನನಗೆ ಸ್ವಂತದ ಟ್ರಂಕಿನ ಅಂಗಡಿ ಒಂದು, ಕೆಲಸಕ್ಕೆ ನಾಲ್ಕು ಜನ. ಮೂರು ಖೋಲಿಯ ಮನೆ. ಹೆಣ್ಣುಮಕ್ಕಳು ಇಬ್ಬರು, ಗಂಡು ಒಬ್ಬ. ಹೆಂಡತಿ ಇದ್ದಾಳೆ. ಅವ್ವ ಇಲ್ಲ. ಆಮೆ ಒಂದು, ಅದೇ.