ಅವಳಿಗೆ ಕೊಟ್ಟ ಗಾಳಿ

ಸಮುದ್ರ ಕಂಡರೆ ಹೆದರುವ ಹುಡುಗಿಗೆ ನನಗಿಂತ ಹೆಚ್ಚು ಗಾಳಿ ಕೊಟ್ಟಿದ್ದರು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

ನಾವಿಬ್ಬರೂ ಊರಿನಿಂದ ದೂರದ ಒಂದು ಶಾಲೆಯಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದೆವು. ಎರಡು ಸಾವಿರದ ಇಸವಿ ಕಳೆದ ಹೊಸತು. ಅವಳು ಬ್ರಹ್ಮಾವರದ ಜವಳಿ ವ್ಯಾಪಾರಿಯ ಮಗಳು, ನಾನು ಗಂಗೊಳ್ಳಿಯ ಮೀನುಗಾರರ ಮನೆಯವನು. ವಿದ್ಯಾರ್ಥಿಯನ್ನು ಒಂಟಿಯಾಗಿ ಹಾರಲು ಬಿಡುವಾಗ ಇನ್‌ಸ್ಟ್ರಕ್ಟರ್ ಒಬ್ಬೊಬ್ಬರಿಗೂ ಒಂದು ಗೆರೆ ಎಳೆಯುತ್ತಿದ್ದರು. ರನ್‌ವೇಗೆ ಅಡ್ಡ ಬೀಸುವ ಗಾಳಿ ಇಷ್ಟರೊಳಗಿದ್ದರೆ ಹೋಗು, ದಾಟಿದರೆ ನೆಲದ ಮೇಲಿರು. ನನಗೆ ಆರು ನಾಟ್, ಅಂದರೆ ಗಂಟೆಗೆ ಹನ್ನೊಂದು ಕಿಲೋಮೀಟರಿನಷ್ಟು. ಅವಳಿಗೆ ಹತ್ತು.

ಆರು ನಾಟನ್ನು ನಮ್ಮ ಬಂದರಿನಲ್ಲಿ ಯಾರೂ ಗಾಳಿ ಎಂದು ಕರೆಯುವುದಿಲ್ಲ. ಒಣಗಲು ಹಾಕಿದ ಬಂಗುಡೆ ಮೀನಿನ ಮೇಲಿನ ನೊಣ ಏಳಲೂ ಅದು ಸಾಲದು.

ಕಾರಣ ಇನ್‌ಸ್ಟ್ರಕ್ಟರ್ ಹೇಳಿದ್ದರು, ನಾನು ಒಪ್ಪಿರಲಿಲ್ಲ ಅಷ್ಟೆ. ನದಿ ಕಡಲಿಗೆ ಸೇರುವ ಅಳಿವೆಯಲ್ಲಿ ಬೋಟು ದಾಟಿಸುವಾಗ ನಮ್ಮವರು ದೊಡ್ಡ ಅಲೆಗಳು ಹೋಗಲಿ ಎಂದು ಕಾಯುತ್ತಾರೆ, ಸಣ್ಣ ಬಿಡುವು ಸಿಕ್ಕೊಡನೆ ಒಂದೇ ಉಸಿರಿಗೆ ನುಗ್ಗುತ್ತಾರೆ. ಚಿಕ್ಕಂದಿನಿಂದ ಅದನ್ನು ಕಂಡ ನಾನು ವಿಮಾನ ಇಳಿಸುವಾಗಲೂ ಹಾಗೇ ಮಾಡುತ್ತಿದ್ದೆ. ಗಾಳಿಯ ಹೊಡೆತ ತಗ್ಗಲಿ ಎಂದು ನೆಲಕ್ಕಿಂತ ಸ್ವಲ್ಪ ಮೇಲೆ ತೇಲಿಸಿಕೊಂಡೇ ಇರುವುದು, ಆಮೇಲೆ ದಡಕ್ಕನೆ ಇಳಿಸುವುದು. ಅಷ್ಟರಲ್ಲಿ ಅರ್ಧ ರನ್‌ವೇ ಮುಗಿದಿರುತ್ತಿತ್ತು. ಅವಳಿಗೆ ಬಿಡಬೇಕಾದ ಅಭ್ಯಾಸವೇ ಇರಲಿಲ್ಲ. ಹೇಳಿಕೊಟ್ಟದ್ದನ್ನು ಕಲಿತಳು, ಕಲಿತಂತೆ ಇಳಿಸಿದಳು. ಗಾಳಿಯ ಬಗ್ಗೆ ಏನೂ ಗೊತ್ತಿಲ್ಲದಿರುವುದೇ ಅವಳ ಅದೃಷ್ಟ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ರಜೆಯಲ್ಲಿ ಒಂದೇ ಬಸ್ಸಿನಲ್ಲಿ ಊರಿಗೆ ಬಂದೆವು.

"ಎಂತ ಮಾರಾಯ, ಹೊರಟಲ್ಲಿಂದ ಮಾತೇ ಇಲ್ಲೆ?" ಎಂದಳು.

"ಎಂತ ಇಲ್ಲೆ," ಎಂದೆ.

"ಒಂದಿನ ನಿಮ್ ಬೋಟ್ ಕಾಂಬುಕೆ ಬತ್ತೆ. ಹೆದ್ರಿಕೆ ಒಂದ್ಸಲ ಬಿಡ್ಲಿ."

ಬೋಟು ನೋಡಲು ನಿಜವಾಗಿಯೂ ಬಂದಳು. ನನಗೆ ಒಳಗೊಳಗೇ ಖುಷಿ. ಇಲ್ಲಿಯಾದರೂ ಇವಳ ಮುಖ ಬಿಳಿಚಿಕೊಳ್ಳುವುದನ್ನು ನೋಡಬಹುದಲ್ಲ! ಅಪ್ಪಯ್ಯ ನಮ್ಮ ಬೋಟಿನ ತಾಂಡೇಲ, ಬೋಟು ನಡೆಸುವುದು ಅವರದೇ ಕೈ. ಹೊಳೆಯ ನಡುವೆ ಹೋದ ಮೇಲೆ ಅವಳನ್ನು ಕರೆದು, "ಬಾ ಮಗಾ, ಹಿಡ್ಕೋ," ಎಂದು ಚುಕ್ಕಾಣಿ ಕೊಟ್ಟರು. ಅವಳ ಮುಖ ಬಿಳಿಚಿಕೊಂಡಿತು, ಆದರೆ ಕೈ ಗಟ್ಟಿಯಾಗಿತ್ತು. ಅಳಿವೆ ಹತ್ತಿರವಾದಾಗ ಅಪ್ಪಯ್ಯ, "ಸಾಕ್, ಇನ್ ಬಿಡ್," ಎಂದರು. ಅವಳು ಆ ಕ್ಷಣವೇ ಬಿಟ್ಟು ಪಕ್ಕಕ್ಕೆ ಸರಿದಳು.

ಅಪ್ಪಯ್ಯ ನನ್ನ ಕಡೆ ತಿರುಗಿ, "ಕಂಡ್ಯಾ? ಬಿಡ್ ಅಂದ್ ಕೂಡ್ಲೆ ಬಿಟ್ಳ್. ನೀ ಬಿಡ್ತಿದ್ಯಾ?" ಎಂದರು.

ಬೋಟಿನವರೆಲ್ಲ ನಕ್ಕರು. ಶಾಲೆಯಲ್ಲಿ ಇನ್‌ಸ್ಟ್ರಕ್ಟರನ್ನು ಅವಳು ಗೆದ್ದದ್ದು ಸಾಲದೆ, ಈಗ ನನ್ನ ಸ್ವಂತ ಅಪ್ಪನನ್ನೂ ಗೆದ್ದಿದ್ದಳು. ಮನೆಯಲ್ಲಿ ಅವಳಿಗೆಂದೇ ಮಾಡಿದ ಅಂಜಲ್ ಮೀನಿನ ಫ್ರೈ ನನಗೆ ರುಚಿಸಲಿಲ್ಲ.

ಶಾಲೆಗೆ ಮರಳಿದ ಮೇಲೆ ಒಂದು ಬೆಳಿಗ್ಗೆ ಅಡ್ಡಗಾಳಿ ನನ್ನ ಗೆರೆ ದಾಟಿ ಅವಳ ಗೆರೆಯೊಳಗೇ ನಿಂತಿತು. ಅವಳು ಹಾರಿದಳು. ಇನ್ನೊಂದು ವಿಮಾನ ಖಾಲಿ ನಿಂತಿತ್ತು. ಇನ್‌ಸ್ಟ್ರಕ್ಟರ್ ಊಟದ ಕೋಣೆಯಲ್ಲಿದ್ದರು. ನನ್ನ ಹೆಸರಿಗೂ ಆ ದಿನ ಒಂಟಿ ಹಾರಾಟ ಇತ್ತು, ಗಾಳಿ ಎಷ್ಟಿದೆ ಎಂದು ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ವಿಮಾನದವರೆಗೆ ನಡೆದೆ. ಬಾಗಿಲ ಹಿಡಿಯ ಮೇಲೆ ಕೈ ಇಟ್ಟೆ. ಗಾಳಿ ತೋರಿಸುವ ಬಟ್ಟೆಯ ಚೀಲ ಪಟಪಟ ಹೊಡೆದುಕೊಳ್ಳುತ್ತಿತ್ತು. ಇದೇನು ಮಹಾ, ಇದಕ್ಕಿಂತ ಜೋರು ಗಾಳಿಯಲ್ಲಿ ಬಲೆ ಎಳೆದಿದ್ದೇನೆ ಎಂದುಕೊಂಡೆ.

ಆಗ ಕಿವಿಗೆ ಬಂದದ್ದು ಇನ್‌ಸ್ಟ್ರಕ್ಟರ್ ಮಾತಲ್ಲ, ಬೋಟಿನವರ ನಗು. ಬಿಡುತ್ತಿದ್ದೆಯಾ ಎಂದು ಅಪ್ಪಯ್ಯ ಕೇಳಿದ್ದರಲ್ಲ, ಬಿಡುತ್ತೇನೆ ನೋಡಿ ಎಂಬ ಸಿಟ್ಟಿಗೆ ಕೈ ತೆಗೆದೆ. ಬೆಂಚಿನ ಮೇಲೆ ಬಂದು ಕುಳಿತೆ.

ಅವಳು ಇಳಿಸಿದ್ದನ್ನು ಅಲ್ಲಿಂದಲೇ ನೋಡಿದೆ. ಒಂದು ರೆಕ್ಕೆ ಗಾಳಿಯ ಕಡೆ ಸ್ವಲ್ಪ ತಗ್ಗಿತು, ಚಕ್ರ ಮೆತ್ತಗೆ ನೆಲ ಮುಟ್ಟಿತು. ತಪ್ಪು ಹುಡುಕಿದೆ, ಸಿಗಲಿಲ್ಲ. ಹತ್ತಿರ ಬಂದಾಗ ನೋಡಿದರೆ ಅವಳ ಕೈ ನಡುಗುತ್ತಿತ್ತು.

"ನೀ ಕೂಕಂಡದ್ದೇ ಒಳ್ಳೇದಾಯ್ತ್ ಮಾರಾಯ," ಎಂದಳು.

ಆ ನಡುಕವೂ ನನಗೆ ಸಿಗಬೇಕಿತ್ತು ಎನಿಸಿತು.

ಸಂಜೆ ಬೂತಿನಿಂದ ಮನೆಗೆ ಫೋನ್ ಮಾಡಿದೆ. ಅವಳು ಹಾರಿದ್ದು, ನಾನು ಬಾಗಿಲ ಹಿಡಿಯವರೆಗೆ ಹೋದದ್ದು, ಕೈ ತೆಗೆದದ್ದು ಎಲ್ಲವನ್ನೂ ಹೇಳಿ, "ನಾನೂ ಬಿಟ್ಟೆ ಅಪ್ಪಯ್ಯ," ಎಂದೆ.

"ಹೌದಾ, ಒಳ್ಳೇದಾಯ್ತ್," ಎಂದರು. ಆಮೇಲೆ ಕೇಳಿದರು: "ಆ ಹೆಣ್ಣ್ ಚಂದ ಇಳ್ಸಿತಾ?"